ನಾನೂರು ಅಡಿ

ಕೌಂಟಿ ಕಚೇರಿಯಿಂದ ಬಂದ ಫಾರಮ್ಮಿನಲ್ಲಿ
'ಯುದ್ಧಸೇವೆಯ ವಿವರ' ಎಂಬುದಕ್ಕೆ
ಬಿಟ್ಟಿರುವುದು ಒಂದೂವರೆ ಸಾಲು.
ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ.
ಹೊರಗೆ ಡಕೋಟಾದ ಹಿಮ, ಕಿಟಕಿಯ ಅರ್ಧಕ್ಕೆ.

ಹೆಸರು: ವೆಂಡೆಲ್ ಟ್ವೆಟ್.
ಕೆಲಸ: ಬಾಂಬರ್ ಪೈಲಟ್, ನಾಲ್ಕು ಎಂಜಿನ್.
ವಿಮಾನ: ಮೇಬಲ್.
ಅಪ್ಪನ ಕೊಟ್ಟಿಗೆಯಲ್ಲಿ ಒದೆಯುತ್ತಿದ್ದ ಹಸುವಿನ ಹೆಸರು,
ನಾನೇ ಇಟ್ಟದ್ದು. (ಇದಕ್ಕೆ ಜಾಗವಿಲ್ಲ.)

ಸಫೊಕ್‌ನ ಬೀಟ್‌ಗೆಡ್ಡೆ ಹೊಲಗಳ ನಡುವೆ ನಮ್ಮ ರನ್‌ವೇ.
ನಸುಕಿನ ಮೂರಕ್ಕೆ ಮುಖಕ್ಕೆ ಟಾರ್ಚು ಹಿಡಿದು ಎಬ್ಬಿಸುವರು.
ಹಾರುವ ದಿನ ಮಾತ್ರ ನಿಜವಾದ ಮೊಟ್ಟೆ,
ಉಳಿದ ದಿನ ಪುಡಿಯದು.
ತಟ್ಟೆ ನೋಡಿಯೇ ಓದಿಕೊಳ್ಳುತ್ತಿದ್ದೆವು ಅವತ್ತಿನ ಹಣೆಬರಹ.
ಲೂಯಿಸಿಯಾನಾದ ಲಾನಿ ಬ್ರೋ, ಬಾಲದ ಗನ್ನರ್,
ತನ್ನ ಮೊಟ್ಟೆ ಯಾವತ್ತೂ ಪೂರ್ತಿ ತಿನ್ನಲಿಲ್ಲ;
ಅರ್ಧ ಉಳಿಸಿದರೆ ಮರಳಲೇಬೇಕಲ್ಲ, ಅದು ಅವನ ಲೆಕ್ಕ.
ಹದಿನೇಳು ಸಲ ಲೆಕ್ಕ ಸರಿಹೋಯಿತು.

ಇಪ್ಪತ್ತೈದು ಸಾವಿರ ಅಡಿಯಲ್ಲಿ
ಊರೆಂದರೆ ಕಲ್ಲಿಗೆ ಹಬ್ಬಿದ ಪಾಚಿ.
ಉಸಿರು ಮುಖವಾಡದೊಳಗೇ ಹೆಪ್ಪುಗಟ್ಟಿ ಗಲ್ಲ ಕೊರೆಯುತ್ತದೆ;
ಕೈಗವಸು ತೆಗೆದರೆ ಚರ್ಮ ಲೋಹಕ್ಕಂಟಿ ಅಲ್ಲೇ ಉಳಿಯುತ್ತದೆ.
ಸುತ್ತ ಕರಿಹೊಗೆಯ ಉಂಡೆಗಳು, ಸದ್ದಿಲ್ಲದೆ ಅರಳುತ್ತ.
ಸದ್ದು ಕೇಳಿದರೆ ಹತ್ತಿರ ಅಂತ ಅರ್ಥ.

ಯಾರೂ ಕೇಳದ ಒಂದು ಸಂಗತಿ:
ಗುರಿಯ ಕೊನೆಯ ನಿಮಿಷಗಳಲ್ಲಿ
ವಿಮಾನ ಪೈಲಟ್ಟಿನದಲ್ಲ.
ಮೂಗಿನಲ್ಲಿ ಬಗ್ಗಿ ಕೂತ ಸಾಲ್ ಪಿನ್ಸ್ಕರ್
ದುರ್ಬೀನಿನ ಗುಂಡಿ ತಿರುವಿ ಅದನ್ನು ನಡೆಸುತ್ತಾನೆ.
ನನ್ನ ಎರಡೂ ಕೈ ತೊಡೆಯ ಮೇಲೆ,
ಚರ್ಚಿಗೆ ಕರೆತಂದ ಹುಡುಗನ ಹಾಗೆ.
ಹೊಟ್ಟೆಯ ಭಾರ ಇಳಿದದ್ದೇ
ಮೇಬಲ್ ಚಂಗನೆ ಮೇಲಕ್ಕೆ ನೆಗೆಯುತ್ತಿದ್ದಳು.
ಹೇಳಲು ನಾಚಿಕೆ, ಆ ನೆಗೆತ ಇಷ್ಟವಾಗುತ್ತಿತ್ತು;
ಹಗ್ಗ ಬಿಚ್ಚಿದ ಕರುವಿನ ಹಗುರ, ಮೈಗೆಲ್ಲ.
ಕೆಳಗೆ ಪಾಚಿಯ ಮೇಲೆ ಬಿಳಿಯ ಚುಕ್ಕೆಗಳು.
ಮೂವತ್ತೊಂದು ಸಲ. ಒಂದು ಮುಖವನ್ನೂ ಕಾಣಲಿಲ್ಲ.

(ಲಾನಿಯ ಮುಖ ಕಂಡೆ. ಅದು ಬೇರೆ.
ಹದಿನೆಂಟನೆಯದು. ಅರ್ಧ ಮೊಟ್ಟೆ ಸಂಜೆವರೆಗೂ ತಟ್ಟೆಯಲ್ಲಿತ್ತು,
ಅಡುಗೆಯವನಿಗೆ ಎತ್ತಲು ಮನಸ್ಸಾಗಲಿಲ್ಲ.)

ಆಮೇಲೆ ಮೇ ತಿಂಗಳು.
ಬಾಂಬಿನ ಜಾಗಕ್ಕೆ ಪ್ಲೈವುಡ್ ಹಲಗೆ ಹೊಡೆದು
ರಟ್ಟಿನ ಪೆಟ್ಟಿಗೆ ತುಂಬಿದರು: ಬಿಸ್ಕತ್ತು, ಸಕ್ಕರೆ, ಡಬ್ಬಿ ಮಾಂಸ.
ಹಾಲೆಂಡಿನ ಜನ ಟುಲಿಪ್ ಗೆಡ್ಡೆ ಬೇಯಿಸಿ ತಿನ್ನುತ್ತಿದ್ದಾರೆ, ಎಂದರು.
ಜರ್ಮನರು ಗುಂಡು ಹಾರಿಸುವುದಿಲ್ಲ, ಮಾತು ಕೊಟ್ಟಿದ್ದಾರೆ, ಎಂದರು.
ನಾನೂರು ಅಡಿಯಲ್ಲಿ ಹಾರಿ, ಎಂದರು.

ನಾನೂರು ಅಡಿ!
ನಮ್ಮೂರ ಗೋಧಿ ಗೋಪುರ ನಾಲ್ಕು ಪೇರಿಸಿದರೆ ಅಷ್ಟು.
ತೋಪುಗಳ ಮೂತಿ ನಮ್ಮ ಜೊತೆಗೇ ತಿರುಗಿದವು,
ಸೂರ್ಯಕಾಂತಿಯ ಹಾಗೆ, ನಿಧಾನ.
ಗಂಟಲ ಪಸೆ ಆರಿತು. ಆಮೇಲೆ
ಕಾಣತೊಡಗಿತು: ಹಂಚು. ಒಣಹಾಕಿದ ಕಾಲುಚೀಲ. ಮೇಕೆ.
ಮಾಡು ಹತ್ತಿ ದುಪ್ಪಟಿ ಬೀಸುವ ಮುದುಕ.
ಕಾಲುವೆ ದಂಡೆಯಲ್ಲಿ ಟೈರಿಲ್ಲದ ಸೈಕಲ್ಲಿನ ಹುಡುಗಿ
ನಮ್ಮನ್ನು ನೋಡುತ್ತ ನೋಡುತ್ತ ಆಯತಪ್ಪಿ ಹುಲ್ಲಿಗೆ ಬಿದ್ದಳು,
ಬಿದ್ದಲ್ಲಿಂದಲೇ ಎರಡೂ ಕೈ ಎತ್ತಿದಳು.
ಮೊಣಕೈಗಿಂತ ತೋಳು ಸಣ್ಣ.
ಅಷ್ಟು ಕೆಳಗಿದ್ದೆವು.

ಪೆಟ್ಟಿಗೆಗಳು ಬಿದ್ದವು.
ಮೇಬಲ್ ನೆಗೆದಳು, ಅದೇ ನೆಗೆತ,
ಮೈಗೆಲ್ಲ ಅದೇ ಹಗುರ.
ಅವಳಿಗೇನು ಗೊತ್ತು, ಹೊಟ್ಟೆಯಿಂದ ಇಳಿದದ್ದು ಯಾವುದೆಂದು.
ನನ್ನ ಮೈಗೂ ಗೊತ್ತಾಗಲಿಲ್ಲ.

ಕಡಲಿಗೆ ಬಂದಾಗ ಸಾಲ್, ಯಾವತ್ತೂ ಹರಟೆಮಲ್ಲ,
ಇಂಟರ್‌ಕಾಮಿನಲ್ಲಿ ಒಂದೇ ಮಾತು ಕೇಳಿದ:
"ವೆಂಡೆಲ್, ಮೊದಲೂ ಅವರು ಇಷ್ಟೇ ದೊಡ್ಡವರಿದ್ದರಾ?"
ಪೆಟ್ರೋಲ್ ಎಷ್ಟಿದೆ ಎಂದು ನಾನು ಎಂಜಿನಿಯರನ್ನು ಕೇಳಿದೆ.

'ಪೈಲಟ್, 31' ಎಂದು ಬರೆದಿದ್ದೇನೆ. ಅರ್ಧ ಸಾಲು ಮಿಕ್ಕಿದೆ.
ಕೆಳಗೊಂದು ಪ್ರಶ್ನೆ: ಇನ್ನೇನಾದರೂ ಉಂಟೇ? ಹೌದು, ಇಲ್ಲ.
ಹೌದಿಗೆ ಗುರುತು ಹಾಕಿ ಲಕೋಟೆ ಅಂಟಿಸಿದೆ.
ಇನ್ನು ಟಪಾಲು ಡಬ್ಬಿಯವರೆಗೆ
ಸಲಿಕೆಯಿಂದ ದಾರಿ ಬಿಡಿಸಬೇಕು.