ಎರಡು ಒರಳು

ದುಧನಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ
ಚಂದ್ರಭಾಗವ್ವನ ಶೇಂಗಾ ಚಟ್ನಿ.
ಐದು ವರ್ಷ ಒಂದೇ ಒರಳು.
ಎರಡನೆಯದು ಬಂದದ್ದು
ತಂಗೆವ್ವ ಗಂಡನ ಮನೆ ಬಿಟ್ಟು ಬಂದ ಮೇಲೆ.
ಕೈ ಮೊದಲು ಬಂತು, ಕಲ್ಲು ಆಮೇಲೆ.

ಲೆಕ್ಕ ಬರೆಯುವವಳು ನಾನು.
ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ;
ಉದ್ರಿಗೆ ಮಾತ್ರ
ಎರಡೂ ಭಾಷೆಯಲ್ಲಿ ಒಂದೇ ಮುಖ.

ಪುಣೆಯವನೊಬ್ಬ ಕಾರಿನಲ್ಲಿ ಬಂದ.
ತಿಂಗಳಿಗೆ ಐದು ಕ್ವಿಂಟಲ್, ಮುಂಗಡ ರೊಕ್ಕ,
ಮಿಕ್ಸರು ತಾನೇ ಕೊಡಿಸುತ್ತಾನಂತೆ.
ಅವ್ವ ಅವನ ಅಂಗೈಗೆ ಒಂದು ಚಿಟಿಕೆ ಹಾಕಿದಳು.
"ಮಿಕ್ಸರ್‌ನ್ಯಾಗ ಬರೇ ಹಿಟ್ಟಾಗ್ತದ, ತಮ್ಮಾ.
ಎಣ್ಣಿ ಬಿಡೂತನಕ ಕುಟ್ಟಬೇಕು.
ಅವಸರ ಮಾಡಿದ್ರ ಅದು ಬರಂಗಿಲ್ಲ."

ಅವನು ಹೋದ,
ಅರ್ಧ ಕಿಲೋ ಕಟ್ಟಿಸಿಕೊಂಡೇ ಹೋದ.

ರಾತ್ರಿ ನನಗೆ ನಿದ್ದೆಯಿಲ್ಲ, ಸಿಟ್ಟು.
ಐದು ಕ್ವಿಂಟಲ್ಲನ್ನು ಮೂರು ಸಲ ಗುಣಿಸಿದೆ;
ಮೂರು ಸಲವೂ
ನಮ್ಮ ಪತ್ರಾಸಿನ ಮನೆಗೆ ಸ್ಲ್ಯಾಬು ಬಿತ್ತು.

ಬೆಳಗಿನ ಗಾಡಿಗೂ ಮುಂಚೆ ಒನಕೆ ಶುರು,
ಅವ್ವನದೊಂದು, ತಂಗೆವ್ವನದೊಂದು,
ನಡುವೆ ಯಾರದೋ ಕೆಮ್ಮು.
ವಹಿ ತೆರೆದೆ.
ಎಣ್ಣೆ ಹತ್ತಿದ ಹಾಳೆಯ ಮೂಲೆಯಲ್ಲಿ
ಹಿಂದಿನ ಪುಟದ ಅಂಕಿ
ಮಸುಕಾಗಿ ಕಾಣುತ್ತಿತ್ತು.