ಬಿಳುಪು ಹೆಚ್ಚಾಗಿದೆ

ಬಿಳಿ ಹೆಚ್ಚಾಗಿದೆ, ಎಂದೆ.
ತಾಯಿ ಖಂದ್‌ಮಾ ನಕ್ಕಳು.
ನಮ್ಮಲ್ಲಿ ಬಿಳುಪೆಂದರೆ ಹಾಲು,
ಹೊಸ ವರ್ಷದ ಮೊದಲ ತಿಂಗಳು,
ದಾರಿ ಹಿಡಿದವರ ಬೆನ್ನಿಗೆ
ಸೌಟಿನಿಂದ ಚಿಮುಕಿಸುವ ಹರಕೆ.

ಮತ್ತೆ ಹೇಳಿದೆ: ಮೂರು ಲಕ್ಷ ಹನ್ನೆರಡು ಸಾವಿರ.
ಇರಬೇಕಾದ್ದು ಹತ್ತು ಸಾವಿರದ ಆಸುಪಾಸು.
ಕುರಿ ಎಣಿಸಿ ಬಾಳಿದವಳು, ಲೆಕ್ಕ ಹತ್ತಿತು.
"ಅಷ್ಟು ಮಂದೆಗೆ ಹುಲ್ಲೆಲ್ಲಿ?"
ಅಷ್ಟೇ ಅಮ್ಮ, ಅದೇ ರೋಗ.
ನನ್ನ ಪುಸ್ತಕಕ್ಕೆ ಎರಡು ಪುಟ ಬೇಕಾಗಿತ್ತು.

ಹತ್ತೊಂಬತ್ತರ ಒಚಿರ್, ಮರಿಗುದುರೆ ಪಳಗಿಸುವವನು,
ಒಂಬತ್ತು ಗಂಟೆ ಜೀಪಿನಲ್ಲಿ ಕುಲುಕಿ ಉಲಾನ್‌ಬಾತರಿಗೆ ಬಂದವನು
ನಾನು ಹಿಡಿದ ಬೆರಳು ಎಷ್ಟೆಂದು ಹೇಳಲಾರ.
ಕಣ್ಣ ಹಿಂದಿನ ಎಳೆನಾಳಗಳಲ್ಲಿ
ಕೆಲಸ ಕಲಿಯದ ಹಸಿ ಕಣಗಳು
ಹೆಗಲಿಗೆ ಹೆಗಲು ತಾಗಿಸಿ ದಾರಿ ಕಟ್ಟಿವೆ.
ಉಸಿರು ಮೇಲುಮೇಲೆ. ತುಟಿ ಸುಣ್ಣ.
"ರಕ್ತವೇ ಇಲ್ಲ ಇವನಲ್ಲಿ, ನನ್ನದು ತಗೋ"
ಎಂದು ತೋಳು ಚಾಚಿದಳು.
ಈಗ ಬೇಡ. ಇದ್ದದ್ದೇ ಗಂಜಿಯಾಗಿದೆ,
ಮೇಲೆ ಸುರಿದರೆ ಇನ್ನೂ ಗಟ್ಟಿ.
ಇದನ್ನು ಹೇಳುವಾಗ ನಾನು ಗೋಡೆ ನೋಡುತ್ತಿದ್ದೆ.

ರಾತ್ರಿ ಒಂದೂವರೆ. ಯಂತ್ರ ಹೂಡಿದೆ.
ಕುತ್ತಿಗೆಯ ಕೊಳವೆಯ ಒಂದು ಬಾಯಿಂದ ಹೊರಗೆ,
ಇನ್ನೊಂದರಿಂದ ಒಳಗೆ,
ಮಧ್ಯೆ ಗಿರ್ರನೆ ತಿರುಗುವ ಬಟ್ಟಲು.
ಕೆಂಪು ಅಂಚಿಗೆ, ತಿಳಿನೀರು ಒಳಕ್ಕೆ,
ನಡುವೆ ತೆಳ್ಳಗೊಂದು ಪದರ.
ಖಂದ್‌ಮಾ ಬಗ್ಗಿ ನೋಡಿದಳು.
"ಕೆನೆ ತೆಗೀತಿದ್ದೀಯ." ಪ್ರಶ್ನೆಯಲ್ಲ.
ಮೂವತ್ತು ವರ್ಷ ಯಾಕಿನ ಹಾಲು ಕಾಸಿದ ಕೈ
ಗಾಜಿನ ಮೇಲೆ ಮೆಲ್ಲಗೆ ಆಡಿತು:
"ಆತುರಪಟ್ಟರೆ ಅಡಿಯ ಹಾಲೂ ಬಂದೀತು."
ವೇಗ ಸ್ವಲ್ಪ ಇಳಿಸಿದೆ.

ತುಟಿ ಜುಮ್ಮೆನ್ನುತ್ತದೆ, ಎಂದ ಒಚಿರ್.
ಕ್ಯಾಲ್ಸಿಯಂ ಬಿಟ್ಟೆ.
ಚಳಿ, ಎಂದ.
ಅವಳು ತನ್ನ ನಿಲುವಂಗಿ ಬಿಚ್ಚಿ ಹೊದಿಸಿದಳು,
ಒಳಗೆ ಕುರಿಯುಣ್ಣೆ, ಸೆಗಣಿಯೊಲೆಯ ಹೊಗೆವಾಸನೆ.
ನಿಯಮದಂತೆ ತೆಗೆಸಬೇಕಿತ್ತು.

ನಾಲ್ಕೂಕಾಲಿಗೆ ಚೀಲ ತುಂಬಿತು.
ಬಿಳಿಯೂ ಅಲ್ಲ ಅದು, ಬೂದಿ ಕಲಸಿದ ಗುಲಾಬಿ.
"ಇದನ್ನೇನು ಮಾಡ್ತೀ?"
ಸುಡ್ತೇವೆ.
"ಬೆಂಕಿಗೆ ಕೊಳಕು ಹಾಕಬಾರದು."
ಇನ್ನೆಲ್ಲಿ ಹಾಕಲಿ, ಹೊಳೆಗಾ?
ಇಬ್ಬರೂ ಸುಮ್ಮನಾದೆವು.

ಬೆಳಗಿನ ಚೀಟಿ: ಒಂದು ಲಕ್ಷ ಐವತ್ತು ಸಾವಿರ.
ಬೆರಳೆಷ್ಟು? ಎರಡು, ಎಂದ.
ಎರಡೇ.
ಸಂಜೆಗೆ ಮತ್ತೆ ಏರುತ್ತದೆ, ಗೊತ್ತು ನನಗೆ.
ಕೆನೆ ತೆಗೆದರೆ ಕೆಚ್ಚಲು ಬತ್ತುವುದಿಲ್ಲ,
ಈ ಕೆಚ್ಚಲು ಮೂಳೆಯೊಳಗಿದೆ.
ಅದಕ್ಕೆ ಬೇರೆ ಮದ್ದು, ಇವತ್ತಿನಿಂದಲೇ, ಏಳು ದಿನ,
ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಮೇಯುವಂಥದ್ದು.
ಸತ್ತ ಕಣಗಳ ಕಸ ಮೂತ್ರಪಿಂಡಕ್ಕೆ ಅಡ್ಡ ಬಾರದಂತೆ
ಸಲೈನು, ಮತ್ತೆ ಸಲೈನು,
ಗಂಟೆಗೊಮ್ಮೆ ಮೂತ್ರ ಅಳೆದು ಬರೆಯಿರಿ ಎಂದು
ಹಗಲಿನವಳಿಗೆ ಎರಡು ಸಲ ಹೇಳಿ ಹೊರಬಿದ್ದೆ.

ಹೊರಗೆ ಮೈನಸ್ ಇಪ್ಪತ್ತೆಂಟು, ಕಲ್ಲಿದ್ದಲ ಮಬ್ಬು.
ಮೆಟ್ಟಿಲ ಬಳಿ ಖಂದ್‌ಮಾ, ಮೈಮೇಲೆ ನಿಲುವಂಗಿಯಿಲ್ಲ,
ಅಂಗಡಿಯ ಹಾಲಿನ ಪೊಟ್ಟಣ ಹಲ್ಲಿನಿಂದ ಹರಿದು
ಪ್ಲಾಸ್ಟಿಕ್ ಚಮಚದಲ್ಲಿ ದಿಕ್ಕುದಿಕ್ಕಿಗೆ ಚಿಮುಕಿಸುತ್ತಿದ್ದಳು.
ಬಿದ್ದ ಹನಿ ಬಿದ್ದಲ್ಲೇ ಬಿಗಿಯುತ್ತಿತ್ತು.
ನನ್ನ ಕಡೆ ತಿರುಗಿ, ತುಸು ನಾಚಿ,
"ನೀರು ಜಾಸ್ತಿ ಇದರಲ್ಲಿ," ಎಂದಳು,
"ಆದರೂ ಬಿಳಿ."