ಬ್ಯಾರೆ ಮಗ್ಗದ ಕಾರ್ಡು

ಹಳೇ ಸಾಮಾನಿನ ಅಂಗಡಿಯಿಂದ ತಂದ ಹೋಮ್ ಥಿಯೇಟರು
ಹೊಸ ಟಿವಿಗೆ ಜೋಡಿಸಿದ ಸಂಜಿ
ಮಾತಾಡಲಿಲ್ಲ. ಹಾಡಲಿಲ್ಲ.
ಹಂಚಿನ ಮ್ಯಾಲ ಸಾಸಿವಿ ಸಿಡಿದಂಗ
ಗರ್ರ್ ಅಂತು, ಗರ್ರ್ ಅಂತಲೇ ಇತ್ತು.

ಖಣದ ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕೂತಿದ್ದೆ.
ಗುಳೇದಗುಡ್ಡದಾಗ ಗದ್ದಲಕ್ಕೇನು ಬರ,
ಆದರ ಮಗ್ಗದ ಗದ್ದಲಕ್ಕ ಒಂದು ಲೆಕ್ಕ ಐತಿ.
ಇದಕ್ಕಿರಲಿಲ್ಲ.

ದಾವಲಸಾಬ ನದಾಫ ಬಂದ.
ಅವರಜ್ಜ ಬಿಲ್ಲು ಹೂಡಿ ಅರಳಿ ಹಿಂಜುವಾಗ
ಟುಂಯ್ ಅನ್ನೂ ಸಪ್ಪಳಕ್ಕ ಓಣಿ ಹುಡುಗರೆಲ್ಲಾ ಕೂಡತಿದ್ವಿ.
ಮೊಮ್ಮಗ ಕರಿ ವೈರಿನ ತುದಿ ಕಿತ್ತು ತೋರಿಸಿದ:
ಕೆಂಪು ಬೆಳಕು, ಊದಿನಕಡ್ಡಿ ತುದಿಯಷ್ಟು.
"ಇದರಾಗ ಹಾಡಿಲ್ಲರಿ ಇಂದ್ರವ್ವ. ಬರೇ ಒಂದು, ಸೊನ್ನಿ.
ಬೆಳಕು ಐತಿ, ಬೆಳಕಿಲ್ಲ."

"ತೂತೈತಿ, ತೂತಿಲ್ಲ" ಅಂದೆ ನಾನು,
ಜಕಾರ್ಡಿನಿಂದ ಇಳಿಬಿದ್ದ ರಟ್ಟಿನ ಮಾಲಿ ತೋರಿಸಿ.
ತೂತಿದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಮಲಗತೈತಿ.
ರಟ್ಟಿನಾಗ ಎಲ್ಲೂ ಆನಿ ಇಲ್ಲ.
ಬಟ್ಟಿಯಾಗ ಆನಿ ನಡಿತೈತಿ.

ಅವ ನಕ್ಕ, ಕೂತ, ಚಾ ಕುಡದ.
ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ
ಸಪ್ಪಳದ ಎತ್ತರ ಅಳಿತಾರಂತ.
ಅಳತಿಯ ಚುಕ್ಕಿ ಅಷ್ಟ ಬರತಾವಂತ.
ಒಳಗಿನ ಚಿಪ್ಪು ಚುಕ್ಕಿ ಕೂಡಿಸಿ ಗೆರಿ ಎಳಿತೈತಂತ.

"ಅದ ಚುಕ್ಕಿಗೆ ಹತ್ತು ರಂಗೋಲಿ ಹಾಕತೀನಿ ನಾ,
ಯಾವ ಗೆರಿ ಖರೇದು ಅಂತ ಅದಕ್ಕ ಹೆಂಗ ಗೊತ್ತು?"

ಬಸಿ ಕೆಳಗಿಟ್ಟ. ತಡದು ಅಂದ:
"ಕಿವಿಗೆ ಸಿಗದಷ್ಟು ಸಣ್ಣ ಅಂಕುಡೊಂಕು
ಮೊದಲ ಸೋಸಿ ತಗದಿರತಾರ.
ಉಳಿದದ್ದಕ್ಕ ಎಲ್ಲಾ ಚುಕ್ಕಿ ಮುಟ್ಟಿ ಹೋಗೂ ಗೆರಿ
ಒಂದೇ ಒಂದು. ಎರಡನೇದು ಇಲ್ಲ."
ನಾ ಇನ್ನೂ ಪೂರಾ ನಂಬಿಲ್ಲ.

"ಹಂಗಾರ ಈ ಗರ್ರ್?"
ಕೇಳಿದಾಕಿ ನಾನ, ಹೇಳಿದಾಕಿನೂ ನಾನ.
ಒಂದು ಸಲ ಮಾವ ಇಳಕಲ್ಲಿನ ಕಡಿಂದ ಕಾರ್ಡು ತಂದಿದ್ದರು,
ಇನ್ನೂರಾ ನಲವತ್ತು ಕೊಕ್ಕಿಯ ಮಗ್ಗದ್ದು.
ನಮ್ಮದು ನೂರಾ ಇಪ್ಪತ್ತು. ಏರಿಸಿದಿವಿ.
ಆನಿಯ ಸೊಂಡಿ ಒಂದ ಕಡೆ, ಕಾಲು ಒಂದ ಕಡೆ,
ನಡುವ ಜ್ವಾಳ ಚೆಲ್ಲಿದಂಗ ಚುಕ್ಕಿ.
ಒಂದು ಗಜ ಹಾಳು.
ಕಾರ್ಡಿನ ತಪ್ಪಿರಲಿಲ್ಲ. ಮಗ್ಗದ್ದೂ ಇರಲಿಲ್ಲ.

"ಅದ, ಅದ!" ತೊಡಿ ತಟ್ಟಿಕೊಂಡ ದಾವಲಸಾಬ.
ಟಿವಿ ಮಡಚಿ ಕಳಸೈತಿ,
ಹಳೇ ಪೆಟ್ಟಿಗಿಗೆ ಆ ಮಡಿಕಿ ಬಿಚ್ಚಾಕ ಬರೂದಿಲ್ಲ,
ಮಡಚಿದ್ದನ್ನ ಹಂಗ ಹಾಡು ಅಂತ ಓದೈತಿ.
ರಿಮೋಟು ಆರು ಸಲ ಒತ್ತಿ ಪಿಸಿಎಂ ಅಂತ ಇಟ್ಟ:
ಟಿವಿನ ಬಿಚ್ಚಿ ಕಳಿಸಲಿ.

ಬಂತು.
ಯಾರೋ ಹೆಣ್ಣುಮಗಳು ಹವಾಮಾನ ಹೇಳತಿದ್ದಳು,
ವಿಜಯಪುರ, ಬಾಗಲಕೋಟಿ, ಒಣಹವೆ.
ಎರಡು ಊರಿನ ನಡುವ
ಆಕಿ ಉಸರು ತಗೊಂಡದ್ದೂ ಕೇಳಿತು.

ಆದರ ಐದು ಡಬ್ಬಿಯಾಗ ಮಾತಾಡಿದ್ದು ಎರಡ.
"ಈ ವೈರಿನಾಗ ಬಿಚ್ಚಿ ಕಳಿಸಿದರ ಎರಡಕ್ಕಷ್ಟ ಜಾಗಾ"
ಅಂದ, ತನ್ನದ ತಪ್ಪು ಅನ್ನೂವಂಗ.
ನೂರೈವತ್ತು ಇಸಕೊಂಡು ಹ್ವಾದ.

ಸುಮ್ಮನಿರೂ ಮೂರರ ಮ್ಯಾಲ ಬಣ್ಣದ ಲಡಿ ಇಟ್ಟೀನಿ.
ಗಾಳಿಗೆ ಉರುಳೂದಿಲ್ಲ.
ಭಾರ ಅದಾವ, ಚೊಲೋ ಅದಾವ.